‘ಸರ್ವರ್ ಹತ್ತವಲ್ದು’: ಈ ಮಾತನ್ನು ಬರವಣಿಗೆಗೆ ತರುವುದು ಹೇಗೆ?

ಎಲ್ಲರಿಗೂ ಶರಣು.

ಹುಬ್ಬಳ್ಳಿ, ಗದಗ ಕಡೆಯ ಪ್ರೆಸ್ಸುಗಳಲ್ಲಿ ಕೂತು ಲಗ್ನಪತ್ರಿಕೆ, ಬ್ಯಾನರು, ಪುಸ್ತಕ ಕಟ್ಟುವ ಡಿಟಿಪಿ ಹುಡುಗ ಹುಡುಗಿಯರಿಗಾಗಿ ಒಂದು ಕೈಹಾಳೆ ಬರೆಯುತ್ತಿದ್ದೇನೆ. ಮ್ಯಾಕ್ ಕಂಪ್ಯೂಟರಿಗೂ ನೆಟ್‌ವರ್ಕಿನ ಮೇಲೆ ಇಟ್ಟ ಸ್ಟೋರೇಜಿಗೂ ನಡುವೆ ಫೈಲು ಹೋಗದೆ ಬಾರದೆ ನಿಂತಾಗ ಮೊದಲು ಏನು ನೋಡಬೇಕು, ಆಮೇಲೆ ಏನು ನೋಡಬೇಕು ಅನ್ನುವುದೇ ಅದರ ವಿಷಯ. ಆ ಡಬ್ಬಿಯ ಮೇಲೆ ನ್ಯಾಸ್ ಅಂತ ಬರೆದಿದ್ದರೂ ಇಲ್ಲಿ ಎಲ್ಲರ ಬಾಯಲ್ಲೂ ಅದು ಸರ್ವರ್. ನಾನೂ ಹಾಗೇ ಬರೆದಿದ್ದೇನೆ. ತಾಂತ್ರಿಕ ಭಾಗಕ್ಕೆ ಅಡ್ಡಿಯಿಲ್ಲ. ಕ್ರಿಯಾಪದಗಳ ವಿಷಯದಲ್ಲಿ ಬಳಗದ ನೆರವು ಬೇಕು.

ಫೋನಿನಲ್ಲಿ ಬರುವ ದೂರು ಹೆಚ್ಚಾಗಿ ಹೀಗಿರುತ್ತದೆ: “ಸರ, ಸರ್ವರ್ ಹತ್ತವಲ್ದ್ರಿ.” ಇದನ್ನೇ ಪುಸ್ತಕದ ಕನ್ನಡಕ್ಕೆ ತಂದರೆ “ಸರ್ವರಿಗೆ ಸಂಪರ್ಕ ಸಾಧ್ಯವಾಗುತ್ತಿಲ್ಲ” ಎಂದಾಗುತ್ತದೆ. ಹಾಗೆ ಬರೆದ ಕೂಡಲೇ ದೂರಿನೊಳಗಿದ್ದ ಅರ್ಧ ಸುಳಿವು ಅಳಿಸಿಹೋಗುತ್ತದೆ ಅನ್ನುವುದು ನನ್ನ ವಾದ.

ನಮ್ಮ ಕಡೆ ‘ಹತ್ತು’ ಎಷ್ಟು ದುಡಿಯುತ್ತದೆ ನೋಡಿ. ಲೈಟ್ ಹತ್ತತದ, ಬಸ್ ಹತ್ತತೇವಿ, ನಿದ್ದಿ ಹತ್ತತದ, ಚಟ ಹತ್ತತದ, ಫೋನ್ ಹತ್ತತದ. ಪ್ರೆಸ್ಸಿನಲ್ಲೇ ನುಣುಪು ಕಾಗದದ ಮೇಲೆ ಶಾಯಿ ಕೂರದಿದ್ದರೆ “ಶಾಯಿ ಹತ್ತವಲ್ದು” ಅನ್ನುತ್ತಾರೆ. ಹಳಗನ್ನಡದ ‘ಪತ್ತು’ವಿನಲ್ಲೇ ಅಂಟು, ಏರು, ಉರಿ ಹೊತ್ತು ಅನ್ನುವ ಅರ್ಥಗಳೆಲ್ಲ ಒಟ್ಟಿಗಿದ್ದವು. ಒಂದು ಇನ್ನೊಂದನ್ನು ಹಿಡಿದುಕೊಳ್ಳುವುದು ಎಲ್ಲದರ ನಡುವಿನ ಎಳೆ. ಮ್ಯಾಕಿನ ಫೈಂಡರಿನಲ್ಲಿ (ಫೈಲು, ಫೋಲ್ಡರುಗಳನ್ನು ತೋರಿಸುವ ಕಿಟಕಿ) ಸರ್ವರಿನ ಫೋಲ್ಡರ್ ಬಂದು ಕೂರುವುದಕ್ಕೆ, ಅಂದರೆ ಮೌಂಟ್ ಆಗುವುದಕ್ಕೆ, ಇದಕ್ಕಿಂತ ಸರಿಯಾದ ಕನ್ನಡ ಕ್ರಿಯಾಪದ ನನಗೆ ಕಾಣುವುದಿಲ್ಲ. ‘ಆರೋಹಿಸು’ ಅಂತ ಕೆಲವು ಅನುವಾದಗಳಲ್ಲಿ ಬರೆಯುತ್ತಾರೆ. ಪ್ರೆಸ್ಸಿನಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ನಿಷೇಧ ರೂಪ. “ಹತ್ತವಲ್ದು” ಅಂದರೆ ಹತ್ತಲು ಒಲ್ಲದು: ಈಗ, ಕಣ್ಣೆದುರಿಗೆ, ಮಾಡಿದರೂ ಆಗುತ್ತಿಲ್ಲ. ಮೊದಲು ಆಗುತ್ತಿತ್ತು ಅನ್ನುವ ಧ್ವನಿ ಅದರಲ್ಲಿ ಹೆಚ್ಚಾಗಿ ಇರುತ್ತದೆ. “ಹತ್ತಂಗಿಲ್ಲ” ಅಂದರೆ ಅದರ ಗುಣವೇ ಅದು, ಯಾವಾಗ ಮಾಡಿದರೂ ಆಗುವುದಿಲ್ಲ. “ಹತ್ತಿಲ್ಲ” ಅಂದರೆ ಇನ್ನೂ ಆಗಿಲ್ಲ ಅಷ್ಟೇ, ಯಾರೂ ಹತ್ತಿಸದೆಯೂ ಇರಬಹುದು. “ಹತ್ತಿ ಹತ್ತಿ ಬಿಡ್ತದ” ಅನ್ನುವುದು ಬೇರೆಯೇ ರೋಗ. ರಿಪೇರಿ ಮಾಡುವವನಿಗೆ ಇವು ನಾಲ್ಕು ಬೇರೆ ಬೇರೆ ದಾರಿ.

“ಹತ್ತವಲ್ದು” ಅಂದಾಗ ನನ್ನ ಮೊದಲ ಗುಮಾನಿ ಕರೆಂಟಿನ ಮೇಲೆ. ರಾತ್ರಿ ಕರೆಂಟ್ ಹೋಗಿ ಬಂದಮೇಲೆ ರೌಟರು ಸರ್ವರಿಗೆ ಬೇರೆ ವಿಳಾಸ ಕೊಟ್ಟಿರಬಹುದು. 192.168.1.20 ಇದ್ದದ್ದು 192.168.1.24 ಆಗಿರುತ್ತದೆ, ಮ್ಯಾಕು ಬಾಡಿಗೆದಾರ ಬಿಟ್ಟುಹೋದ ಮನೆಯ ಬಾಗಿಲು ಬಡಿಯುತ್ತಾ ನಿಂತಿರುತ್ತದೆ. ಫೈಂಡರಿನಲ್ಲಿ ಕಮಾಂಡ್ ಮತ್ತು ಕೆ ಕೀಲಿ ಒಟ್ಟಿಗೆ ಒತ್ತಿ, ಬರುವ ಚೌಕದಲ್ಲಿ ಎಸ್‌ಎಂಬಿ (ನೆಟ್‌ವರ್ಕಿನ ಮೇಲೆ ಫೈಲು ಕೊಟ್ಟು ತೆಗೆದುಕೊಳ್ಳುವ ಪದ್ಧತಿಯ ಹೆಸರು) ಎಂದು ಬರೆದು ಕೋಲನ್, ಎರಡು ಓರೆಗೆರೆ, ಆಮೇಲೆ ಅಂಕಿಯ ಬದಲು ಸರ್ವರಿನ ಹೆಸರು, ಕೊನೆಗೆ ಚುಕ್ಕೆ ಮತ್ತು ಲೋಕಲ್ ಎಂದು ಕೊಟ್ಟರೆ ವಿಳಾಸ ಬದಲಾಗಿದ್ದರೂ ಸಿಗುತ್ತದೆ. ಬಾನ್‌ಜೂರ್ ಅನ್ನುವ ಏರ್ಪಾಡು ಆ ಹೆಸರನ್ನು ಹುಡುಕಿಕೊಡುತ್ತದೆ. ಕಾಯಂ ಪರಿಹಾರ ಬೇಕೆಂದರೆ ರೌಟರಿನಲ್ಲೇ ಆ ವಿಳಾಸವನ್ನು ಸರ್ವರಿಗೆ ಕಾಯ್ದಿರಿಸಬೇಕು. ಇದೂ ಅಲ್ಲದಿದ್ದರೆ ಪಾಸ್‌ವರ್ಡ್ ನೋಡಬೇಕು. ಸರ್ವರಿನಲ್ಲಿ ಬದಲಿಸಿದ್ದರೂ ಮ್ಯಾಕು ಪಾಸ್‌ವರ್ಡುಗಳನ್ನು ಕೂಡಿಡುವ ಕೀಚೈನಿನಲ್ಲಿ ಹಳೆಯದೇ ಉಳಿದಿರುತ್ತದೆ, ಮ್ಯಾಕು ಯಾರನ್ನೂ ಕೇಳದೆ ಅದನ್ನೇ ಕೊಡುತ್ತಿರುತ್ತದೆ. ಆ ನಮೂದನ್ನು ಅಳಿಸಿದರೆ ಹೊಸದನ್ನು ಕೇಳುತ್ತದೆ.

“ಹತ್ತಂಗಿಲ್ಲ” ಅಂದರೆ ಹೆಚ್ಚಾಗಿ ಇಬ್ಬರ ಭಾಷೆ ಕೂಡುತ್ತಿಲ್ಲ ಅಂತ ಅರ್ಥ. ಮ್ಯಾಕುಗಳು ಮೊದಲು ಆ್ಯಪಲ್‌ನ ಸ್ವಂತ ಎಎಫ್‌ಪಿ ಪದ್ಧತಿಯಲ್ಲಿ ಫೈಲು ಕೊಟ್ಟು ತೆಗೆದುಕೊಳ್ಳುತ್ತಿದ್ದವು. ಮ್ಯಾಕಿನ ಕಾರ್ಯಾಚರಣೆ ವ್ಯವಸ್ಥೆಯ 2013ರ ಆವೃತ್ತಿಯಾದ ಮ್ಯಾವರಿಕ್ಸ್‌ನಿಂದ ಎಸ್‌ಎಂಬಿಯ 2ನೇ ಆವೃತ್ತಿ ಮುಂದೆ ಬಂತು. 2020ರ ಬಿಗ್ ಸರ್‌ನಲ್ಲಿ ಮ್ಯಾಕು ಎಎಫ್‌ಪಿ ಮೂಲಕ ಫೋಲ್ಡರ್ ಕೊಡುವುದನ್ನೇ ನಿಲ್ಲಿಸಿತು. ಎಎಫ್‌ಪಿ ಮೂಲಕ ಬೇರೆ ಕಡೆಯಿಂದ ತೆಗೆದುಕೊಳ್ಳುವ ಸೌಲಭ್ಯವೂ ಮುಂದೆ ಹೋಗುತ್ತದೆಂದು 2025ರಲ್ಲಿ ಸಿಕೋಯಾದ 15.5ರ ಹೊತ್ತಿಗೆ ಆ್ಯಪಲ್ ತಿಳಿಸಿದೆ. ಹಾಗಾಗಿ ಹಳೇ ಸರ್ವರು ಎಎಫ್‌ಪಿಯನ್ನೇ ನಂಬಿ ಕೂತಿದ್ದರೆ ಅದರ ಸೆಟ್ಟಿಂಗಿನಲ್ಲಿ ಎಸ್‌ಎಂಬಿ ಚಾಲೂ ಮಾಡಿ ಕನಿಷ್ಠ 2, ಗರಿಷ್ಠ 3 ಇಡಬೇಕು. ಎಲ್ಲವೂ ಹತ್ತಲಿ ಎಂದು 1ನೇ ಆವೃತ್ತಿಯನ್ನು ತೆರೆದಿಡುವವರನ್ನು ಕಂಡಿದ್ದೇನೆ. ಅದನ್ನು ಮಾಡಲೇಬೇಡಿ. 2017ರಲ್ಲಿ ಜಗತ್ತಿನ ತುಂಬ ಫೈಲುಗಳನ್ನು ಒತ್ತೆ ಇಟ್ಟುಕೊಂಡ ವಾನಾಕ್ರೈ ಹರಡಿದ್ದು ಅದೇ ಹಳೇ ಬಾಗಿಲಿನಿಂದ.

ಇದರ ಜೊತೆ ಇನ್ನೆರಡು ಮಾತು ಸೇರಿಸಿದ್ದೇನೆ. “ಒಳಗ ಬಿಡವಲ್ದು”: ಸರ್ವರ್ ಸಿಕ್ಕಿದೆ, ಹೆಸರು ಪಾಸ್‌ವರ್ಡ್ ಒಪ್ಪುತ್ತಿಲ್ಲ. ಲಾಗಿನ್ ಚೌಕದಲ್ಲಿ ಮ್ಯಾಕು ತನ್ನ ಬಳಕೆದಾರರ ಹೆಸರನ್ನೇ ತುಂಬಿ ತೋರಿಸುತ್ತದೆ, ಸರ್ವರಿನಲ್ಲಿರುವ ಖಾತೆಯ ಹೆಸರು ಬೇರೆ ಇರುತ್ತದೆ. “ಬರ್ಯಾಕ ಬಿಡವಲ್ದು”: ಒಳಗೆ ಹೋಗಿದೆ, ಫೈಲು ತೆರೆಯುತ್ತದೆ, ಸೇವ್ ಆಗುವುದಿಲ್ಲ. ಇಲ್ಲಿ ಓದುವ ಹಕ್ಕು ಇದೆ, ಬರೆಯುವ ಹಕ್ಕಿಲ್ಲ. ‘ಪರವಾನಗಿ’ ಈಗ ಲೈಸೆನ್ಸಿಗೆ ಹೋಗಿ ಕೂತಿರುವುದರಿಂದ ‘ಹಕ್ಕು’ ಸಾಕು ಅನಿಸಿತು.

ಹತ್ತಿಸಿದ್ದನ್ನು ತೆಗೆಯುವುದಕ್ಕೆ ಏನನ್ನಬೇಕು? ಬಸ್ಸಿನ ಲೆಕ್ಕದಲ್ಲಿ ‘ಇಳಿಸು’ ಸಹಜ. ಆದರೆ ‘ಇಳಿಸಿಕೊಳ್ಳಿ’ ಈಗ ಡೌನ್‌ಲೋಡ್ ಆಗಿದೆ. “ಸರ್ವರ್ ಇಳಿಸಿ” ಅಂದರೆ ಅದರೊಳಗಿನ ಎಲ್ಲ ಫೈಲನ್ನೂ ತಮ್ಮ ಮ್ಯಾಕಿಗೆ ಕಾಪಿ ಮಾಡಲು ಹೊರಟಾರು. ಈ ಮಾತು ಬೇಕಾಗುವುದು ಒಂದು ನಿಜವಾದ ತೊಂದರೆಗಾಗಿ: ಸಂಪರ್ಕ ಅರ್ಧಕ್ಕೆ ಕಡಿದಾಗ ಹಳೇ ಹೆಸರು ಮ್ಯಾಕಿನಲ್ಲಿ ಉಳಿದುಬಿಟ್ಟರೆ, ಮತ್ತೆ ಹತ್ತಿಸಿದಾಗ ಅದೇ ಫೋಲ್ಡರ್ ಒಳಗಿಂದೊಳಗೆ ಹೆಸರಿನ ಕೊನೆಗೆ ಗೆರೆ ಮತ್ತು 1 ಹಚ್ಚಿಕೊಂಡು ಬರುತ್ತದೆ. ದಾರಿ ಬದಲಾದ್ದರಿಂದ ಇನ್‌ಡಿಸೈನ್ ಪುಟದಲ್ಲಿ ಜೋಡಿಸಿದ ಚಿತ್ರಗಳ ಕೊಂಡಿ ತಪ್ಪುತ್ತದೆ. ಆಗ ಪೂರ್ತಿ ತೆಗೆದು, ಬೇಕಾದರೆ ಮ್ಯಾಕನ್ನು ರೀಸ್ಟಾರ್ಟ್ ಮಾಡಿ, ಹೊಸದಾಗಿ ಹತ್ತಿಸಬೇಕು. ‘ಕಳಚು’ ಎಂದು ಸದ್ಯಕ್ಕೆ ಬರೆದಿದ್ದೇನೆ. ಬೇರೆ ಮಾತಿದ್ದರೆ ಹೇಳಿ.

ಇನ್ನು ‘ಶೇರ್’. ‘ಹಂಚಿಕೆ’ ಎಂಬ ಪದ ಎಲ್ಲೆಡೆ ಇದೆ, ನನಗೆ ಒಪ್ಪಿಗೆಯಿಲ್ಲ. ಹಂಚಿದರೆ ತುಂಡಾಗುತ್ತದೆ, ಪಾಲು ಆಗುತ್ತದೆ, ಕೊಟ್ಟವನ ಕೈಯಿಂದ ಹೋಗುತ್ತದೆ. ಸರ್ವರಿನ ಫೋಲ್ಡರು ಹಾಗಲ್ಲ. ಅದು ಒಂದೇ ಇದೆ, ಎಲ್ಲರೂ ಅದನ್ನೇ ಬಳಸುತ್ತಾರೆ, ಒಬ್ಬರು ಅಳಿಸಿದರೆ ಎಲ್ಲರಿಗೂ ಅಳಿಯುತ್ತದೆ. ‘ಹಂಚಿದ ಫೋಲ್ಡರ್’ ಅಂದಾಗ ತನ್ನ ಪಾಲಿನದನ್ನು ತಾನು ಅಳಿಸಿದೆ ಎಂದು ತಿಳಿದುಕೊಂಡರೆ ಆ ಹುಡುಗನದೇನು ತಪ್ಪು? ಇದಕ್ಕೆ ನಮ್ಮ ಭಾಗದ ಖರೇದಿ ಪತ್ರಗಳಲ್ಲಿ ನೂರಕ್ಕೆ ನೂರು ಹೊಂದುವ ಮಾತಿದೆ: ‘ಸಾಮಾಯಿಕ’. ಸಾಮಾಯಿಕ ಗೋಡೆ, ಸಾಮಾಯಿಕ ಬಾವಿ, ಸಾಮಾಯಿಕ ದಾರಿ. ಇಬ್ಬರಿಗೂ ಸೇರಿದ್ದು, ಒಬ್ಬರೇ ಕೆಡವುವ ಹಾಗಿಲ್ಲ. ಮರಾಠಿಯಲ್ಲೂ ಇದೇ ಅರ್ಥದಲ್ಲಿದೆ. ‘ಸಾಮಾಯಿಕ ಫೋಲ್ಡರ್’ ಅಂದರೆ ಗದಗಿನ ಪ್ರೆಸ್ ಮಾಲೀಕರಿಗೆ ವಿವರಣೆಯೇ ಬೇಕಾಗುವುದಿಲ್ಲ. ಆದರೆ ಜೈನರಲ್ಲಿ ಸಾಮಾಯಿಕವೆಂದರೆ 48 ನಿಮಿಷ ಕೂತು ಮಾಡುವ ಧ್ಯಾನದ ವ್ರತ. ಹುಬ್ಬಳ್ಳಿಯಲ್ಲಿ ಜೈನ ಮನೆತನಗಳು ಬಹಳ. ಅವರಿಗೆ ಈ ಬಳಕೆ ಕಸಿವಿಸಿ ಆಗುತ್ತದೆಯೇ, ಅಥವಾ ಗೋಡೆ ಬಾವಿಗೆ ಬಳಸುವಾಗ ಆಗದ್ದು ಇಲ್ಲಿಯೂ ಆಗುವುದಿಲ್ಲವೇ?

ಕೊನೆಯದು ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಬರುವ ತೊಂದರೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸರ್ವರಿನಲ್ಲಿ ‘ರೋಣ ಜಾತ್ರಿ ಬ್ಯಾನರ್’ ಎಂಬ ಹೆಸರಿನ ಫೈಲು ಎರಡು ಸಲ ಕಾಣುತ್ತದೆ. ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಿಲ್ಲ, ಹೆಚ್ಚಿನ ಖಾಲಿ ಜಾಗವೂ ಇಲ್ಲ. ಒಂದು ತೆರೆಯುತ್ತದೆ, ಇನ್ನೊಂದನ್ನು ಒತ್ತಿದರೆ ಅಂಥ ಫೈಲೇ ಇಲ್ಲ ಎನ್ನುತ್ತದೆ. ಕಾರಣ ‘ರೋ’ದಲ್ಲಿದೆ. ಯೂನಿಕೋಡಿನಲ್ಲಿ ಆ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹಳೇ ಮ್ಯಾಕ್ ಡಿಸ್ಕುಗಳ ಎಚ್‌ಎಫ್‌ಎಸ್ ಪ್ಲಸ್ ಪದ್ಧತಿ ಹೆಸರನ್ನು ಬಿಡಿಬಿಡಿಯಾಗಿಯೇ ಇಡುತ್ತಿತ್ತು. 2017ರಲ್ಲಿ ಮ್ಯಾಕಿಗೆ ಬಂದ ಎಪಿಎಫ್‌ಎಸ್ ಕೊಟ್ಟ ಹಾಗೇ ಇಡುತ್ತದೆ, ಆದರೆ ಎರಡನ್ನೂ ಒಂದೇ ಹೆಸರೆಂದು ಗುರುತಿಸುತ್ತದೆ. ಸರ್ವರಿನೊಳಗೆ ಸಾಮಾನ್ಯವಾಗಿ ಇರುವುದು ಲಿನಕ್ಸ್. ಅದಕ್ಕೆ ಇವೆರಡೂ ಬೇರೆ ಬೇರೆ ಹೆಸರು. ಹಳೇ ಮ್ಯಾಕ್ ಡಿಸ್ಕಿನಿಂದ ಫೈಲು ಕಾಪಿ ಮಾಡುವ ಆರ್‌ಸಿಂಕ್‌ನಂಥ ಸಾಧನದ ದಾರಿಯಲ್ಲಿ ನೇರವಾಗಿ ಸುರಿದರೆ ಬಿಡಿ ರೂಪವೇ ಹೋಗಿ ಕೂರುತ್ತದೆ. ಆಮೇಲೆ ವಿಂಡೋಸಿನಿಂದ ಅದೇ ಹೆಸರಿನಲ್ಲಿ ಸೇವ್ ಮಾಡಿದರೆ ಜೋಡಿ ಹುಟ್ಟುತ್ತದೆ.

ಹೀಗೆ ಒಡೆಯುವ ಚಿಹ್ನೆಗಳು ಕನ್ನಡದಲ್ಲಿ ಐದು: ಗುಡಿಸಿನ ದೀರ್ಘ, ಏತ್ವದ ದೀರ್ಘ, ಐತ್ವ, ಓತ್ವ, ಓತ್ವದ ದೀರ್ಘ. ಗದಗ, ಹುಬ್ಬಳ್ಳಿ, ಧಾರವಾಡ, ಮುಂಡರಗಿ, ಬ್ಯಾಡಗಿ ಎಂಬ ಹೆಸರುಗಳಲ್ಲಿ ಇವು ಯಾವುವೂ ಇಲ್ಲ, ಆ ಫೈಲುಗಳು ಎಂದೂ ಒಡೆಯುವುದಿಲ್ಲ. ಹಾವೇರಿ, ರೋಣ, ಬೆಟಗೇರಿ, ಲಕ್ಷ್ಮೇಶ್ವರ, ಹಿರೇಕೆರೂರು ಒಡೆಯುತ್ತವೆ. ಬಿಡಿ ರೂಪ ಜಾಗವನ್ನೂ ಹೆಚ್ಚು ತಿನ್ನುತ್ತದೆ. ಲಿನಕ್ಸಿನ ಸಾಮಾನ್ಯ ಮಿತಿ ಒಂದು ಹೆಸರಿಗೆ 255 ಬೈಟು. ಕನ್ನಡದ ಒಂದು ಸಂಕೇತಕ್ಕೆ 3 ಬೈಟು ಬೇಕು, ಅಂದರೆ ಹೆಸರಿನಲ್ಲಿ 85 ಸಂಕೇತ ಮಾತ್ರ ಹಿಡಿಯುತ್ತವೆ. ಒಡೆದ ಓಕಾರವೊಂದೇ 9 ಬೈಟು ತೆಗೆದುಕೊಳ್ಳುತ್ತದೆ. ಉದ್ದ ಹೆಸರಿನ ಫೈಲು ಮ್ಯಾಕಿನಲ್ಲಿ ಸರಿಯಿದ್ದು ಸರ್ವರಿಗೆ ಹೋಗದಿರುವುದಕ್ಕೆ ಇದೂ ಒಂದು ಕಾರಣ.

ಇವೆರಡು ರೂಪಗಳಿಗೆ ಏನೆನ್ನಬೇಕು? ‘ಸಂಯೋಜಿತ’, ‘ವಿಯೋಜಿತ’ ಎಂದು ಬರೆಯಬಹುದು, ಆದರೆ ಅದಕ್ಕಿಂತ ಹತ್ತಿರದ್ದು ನಮ್ಮ ಸಾಲಿಯಲ್ಲೇ ಇದೆ. ವ್ಯಾಕರಣದ ಪಾಠದಲ್ಲಿ ‘ಬಿಡಿಸಿ ಬರೆಯಿರಿ, ಕೂಡಿಸಿ ಬರೆಯಿರಿ’ ಮಾಡದೆ ಯಾರೂ ಮುಂದಿನ ಇಯತ್ತೆಗೆ ಹೋದವರಲ್ಲ. ಕಾಗುಣಿತ ಹೇಳುವಾಗ ‘ಏತ್ವದ ದೀರ್ಘ’ ಎಂದು ಬಾಯಿಪಾಠ ಮಾಡಿಸುತ್ತಿದ್ದರಲ್ಲ, ಅದು ಬಿಡಿಸಿದ ರೂಪವೇ: ಎತ್ವ ಒಂದು, ದೀರ್ಘ ಒಂದು. ಅಚ್ಚುಮೊಳೆ ಜೋಡಿಸಿದ ಹಿರಿಯರಿಗೆ ಇದು ಇನ್ನೂ ಬೇಗ ತಿಳಿಯುತ್ತದೆ, ಅವರ ಪೆಟ್ಟಿಗೆಯಲ್ಲಿ ದೀರ್ಘಕ್ಕೆ ಬೇರೆಯೇ ಮೊಳೆ ಇರುತ್ತಿತ್ತು. ಆದ್ದರಿಂದ ‘ಕೂಡಿಸಿದ ಹೆಸರು’, ‘ಬಿಡಿಸಿದ ಹೆಸರು’ ಎಂದು ಇಟ್ಟಿದ್ದೇನೆ. ಪರಿಹಾರವನ್ನೂ ಅದೇ ಮಾತಿನಲ್ಲಿ ಬರೆಯಬಹುದು: ಸರ್ವರಿನಲ್ಲಿರುವ ಬಿಡಿಸಿದ ಹೆಸರುಗಳನ್ನೆಲ್ಲ ಒಮ್ಮೆ ಕೂಡಿಸಿ ಬರೆಯಿರಿ. ಅದನ್ನು ತಾನೇ ಮಾಡುವ ಸಣ್ಣ ಲಿನಕ್ಸ್ ಸಾಧನಗಳಿವೆ. ಮೊದಲು ಬ್ಯಾಕಪ್ ತೆಗೆದುಕೊಂಡೇ ಮಾಡಬೇಕು.

ಬಳಗದವರಲ್ಲಿ ನನ್ನ ಕೇಳಿಕೆ. ಕೈಹಾಳೆಯ ತಲೆಬರಹಗಳಲ್ಲಿ “ಹತ್ತವಲ್ದು”, “ಹತ್ತಂಗಿಲ್ಲ” ಎಂದು ಆಡುವ ಹಾಗೇ ಕೊಟ್ಟು, ಕೆಳಗಿನ ವಿವರವನ್ನು ಬರಹದ ಕನ್ನಡದಲ್ಲಿ ಇಡುವ ಯೋಚನೆ ನನ್ನದು. ಧಾರವಾಡದಲ್ಲಿ “ಹತ್ತವಲ್ತು” ಕೂಡ ಕಿವಿಗೆ ಬೀಳುತ್ತದೆ. ಅಚ್ಚಿನಲ್ಲಿ ಯಾವುದನ್ನು ಇಡುವುದು? ‘ಹತ್ತಲೊಲ್ಲದು’ ಎಂದು ಪೂರ್ತಿ ಬರೆದರೆ ಓದುವ ಹುಡುಗರಿಗೆ ಅದು ತಮ್ಮದೇ ಮಾತು ಅನಿಸುತ್ತದೆಯೇ? ಹಿರೇಕೆರೂರು, ಹಾನಗಲ್ ಕಡೆಯವರು ದಯವಿಟ್ಟು ಬರೆಯಿರಿ: ಶಿವಮೊಗ್ಗೆಯ ಮಾತು ಬೆರೆಯುವ ನಿಮ್ಮ ಸೀಮೆಯಲ್ಲಿ ಫೋನು ‘ಹತ್ತುತ್ತದೋ’, ‘ಸಿಗುತ್ತದೋ’, ‘ಹೋಗುತ್ತದೋ’? ‘ವಲ್ದು’ ಮತ್ತು ‘ಂಗಿಲ್ಲ’ ನಡುವಿನ ಈ ವ್ಯತ್ಯಾಸ ಅಲ್ಲಿಯೂ ಉಳಿದಿದೆಯೇ? ಉಳಿದಿಲ್ಲವಾದರೆ ಆ ಎರಡು ತಲೆಬರಹಗಳ ಕೆಳಗೆ ‘ಮೊದಲು ಆಗುತ್ತಿತ್ತು’, ‘ಎಂದೂ ಆಗಿಲ್ಲ’ ಎಂದು ಒಂದೊಂದು ಸಾಲು ಸೇರಿಸುತ್ತೇನೆ.