ಯುಗಾದಿ ಹೊತ್ತಿಗೆ ಅಂಗಳದಾಗ ಪಿಕಳಾರದ ಗೂಡು, ಕನ್ನಡಿಗೆ ಬಡಿಯೋ ಸೂರಕ್ಕಿ: ಏನು ಮಾಡಬೇಕು, ಏನು ಬಿಡಬೇಕು?

ಆನೆಗೊಂದಿ_ಅಂಗಳ:

ಎಲ್ಲರಿಗೂ ನಮಸ್ಕಾರ್ರಿ. ಮನಿ ಗಂಗಾವತಿ ತಾಲ್ಲೂಕಿನ ಆನೆಗೊಂದಿ ಕಡೆ ಐತಿ. ಹಿಂದ ಕಲ್ಲುಗುಡ್ಡ, ಮುಂದ ಭತ್ತದ ಗದ್ದಿ. ಬಾಗಲ ಬಾಜೂಕಿನ ಮಧುಮಾಲತಿ ಬಳ್ಳ್ಯಾಗ ಪಿಕಳಾರ ಗೂಡು ಕಟ್ಟೈತಿ, ಎದಿ ಮಟ್ಟಕ್ಕ. ಮೂರು ಮರಿ ಅದಾವು. ಒಂದು ಮರಿ ಈಗ ಕೆಳಗ ಬಂದು ಕುಂತೈತಿ. ಮೈತುಂಬ ಗರಿ ಬಂದಾವು, ಬಾಲ ಮಾತ್ರ ಗಿಡ್ಡ. ಎತ್ತಿ ಗೂಡಿಗೆ ಇಡಬೇಕೋ, ಹಂಗ ಬಿಡಬೇಕೋ? ಮನುಷ್ಯಾರು ಮುಟ್ಟಿದ್ರ ತಾಯಿ ಹತ್ರ ಸೇರಿಸಂಗಿಲ್ಲ ಅಂತಾರ ಮನ್ಯಾಗ. ಹಬ್ಬಕ್ಕ ಸುಣ್ಣಬಣ್ಣ ಮಾಡಸೋದೈತಿ, ಅದಕ್ಕ ಬಳ್ಳಿ ಸವರಬಹುದಾ?

ಎರಡನೇದು, ಸೂರಕ್ಕಿ ಗಂಡು ಮುಂಜಾನಿಂದ ಗಾಡಿ ಕನ್ನಡಿಗೆ, ಕಿಟಕಿ ಗಾಜಿಗೆ ಕೊಕ್ಕಿಲೆ ಬಡಿತೈತಿ. ಹುಚ್ಚು ಹಿಡದೈತೇನೋ ಅನಸ್ತದ. ಮೂರನೇದು, ಮಾಳಗಿ ಮ್ಯಾಲ ಸ್ಟೀಲ್ ಬೋಗುಣಿಯೊಳಗ ನೀರಿಟ್ರೂ ಒಂದು ಹಕ್ಕಿನೂ ಬರವಲ್ದು. ತಿಳದವರು ವಿವರವಾಗಿ ಹೇಳ್ರಿ.

ಬೇವಿನ_ನೆಳ್ಳು:

ಮೊದಲು ಮರಿ ವಿಷಯ, ಅದು ಅವಸರದ್ದು. ನೀವು ಬರೆದಿರುವ ಲಕ್ಷಣ ನೋಡಿದರೆ ಅದು ಬಿದ್ದ ಮರಿ ಅಲ್ಲ, ಗೂಡು ಬಿಟ್ಟ ಮರಿ. ಪಿಕಳಾರ ಸಾಮಾನ್ಯವಾಗಿ ಎರಡು ಮೂರು ಮೊಟ್ಟೆ ಇಡುತ್ತದೆ. ಕಾವು ಸುಮಾರು 14 ದಿನ. ಮರಿ ಒಡೆದು ಬಂದ ಮೇಲೆ 12 ದಿನದ ಆಸುಪಾಸಿಗೇ ಗೂಡಿನಿಂದ ಇಳಿಯುತ್ತದೆ. ಆಗ ಅದಕ್ಕೆ ಸರಿಯಾಗಿ ಹಾರಲು ಬರುವುದಿಲ್ಲ. ಪೊದೆಯಿಂದ ಪೊದೆಗೆ ಕುಪ್ಪಳಿಸುತ್ತಾ ಇರುತ್ತದೆ, ತಂದೆತಾಯಿ ಎರಡೂ ಹುಡುಕಿಕೊಂಡು ಬಂದು ಹುಳ ತಿನ್ನಿಸುತ್ತವೆ. ಗೂಡು ಬಿಟ್ಟ ಮರಿಯನ್ನು ಹಿಡಿದು ವಾಪಸ್ ಗೂಡಿಗಿಟ್ಟರೆ ಮತ್ತೆ ಧುಮುಕುತ್ತದೆ, ಜೊತೆಗೆ ಇನ್ನೂ ಎಳೆಯವಾದ ಉಳಿದ ಎರಡೂ ಗಾಬರಿಯಾಗಿ ಹೊತ್ತಿಗೆ ಮೊದಲೇ ಹಾರಿಬಿಡುತ್ತವೆ. ಹಾಗಾಗಿ ಗೂಡಿಗೆ ಇಡಬೇಡಿ. ಅದು ಓಡಾಡುವ ದಾರಿಯಲ್ಲೋ ಬಿಸಿಲಲ್ಲೋ ಕೂತಿದ್ದರೆ ಮಾತ್ರ ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ, ಅದೇ ಬಳ್ಳಿಯ ಅಥವಾ ಹತ್ತಿರದ ದಾಸವಾಳದ ಒಳಕೊಂಬೆಯ ಮೇಲೆ ನೆರಳಲ್ಲಿ ಕೂರಿಸಿ. ಗೂಡಿನಿಂದ ಹತ್ತು ಅಡಿಯೊಳಗೇ ಇರಲಿ, ದೂರ ಒಯ್ದರೆ ತಾಯಿಗೆ ಮರಿಯ ಕೂಗು ಕೇಳಿಸುವುದಿಲ್ಲ.

ಮುಟ್ಟಿದರೆ ತಾಯಿ ಬಿಡುತ್ತದೆ ಅನ್ನುವುದು ನಿಜವಲ್ಲ. ಪಿಕಳಾರದಂಥ ಹಕ್ಕಿ ಮರಿಯನ್ನು ಗುರುತಿಸುವುದು ಕೂಗಿನಿಂದ, ಜಾಗದಿಂದ. ಕೈವಾಸನೆಗೆ ಹೆದರಿ ಮರಿ ಬಿಡುವುದಿಲ್ಲ. ಆದರೆ ನಾವು ಗೂಡಿನ ಹತ್ತಿರ ನಿಂತೇ ಇದ್ದರೆ ಅದು ಬರುವುದೇ ಇಲ್ಲ. ಮರಿ ಉಪವಾಸ ಬೀಳುವುದು ಈ ಕಾರಣಕ್ಕೆ. ಕಾಗೆ, ಕೆಂಬೂತಗಳು ಮನುಷ್ಯರು ಎಲ್ಲಿ ಇಣುಕುತ್ತಾರೆ ಅಂತ ನೋಡಿ ಗೂಡು ಪತ್ತೆ ಮಾಡುತ್ತವೆ. ಮೊಬೈಲ್ ಹಿಡಿದು ಫೋಟೊ ತೆಗೆಯುವ ಆಸೆ ಈ ವಾರ ಬಿಡಬೇಕು.

ಮೈಮೇಲೆ ಗರಿಯೇ ಇಲ್ಲದ, ಕಣ್ಣು ಮುಚ್ಚಿದ ಅಥವಾ ಮುಳ್ಳಿನಂಥ ಎಳೆಗರಿ ಮಾತ್ರ ಬಂದ ಮರಿ ಬಿದ್ದಿದ್ದರೆ ಬೇರೆ ಲೆಕ್ಕ. ಅದನ್ನು ಗೂಡಿಗೇ ಇಡಬೇಕು. ಗಾಳಿಗೆ ಗೂಡೇ ಕಿತ್ತು ಬಿದ್ದಿದ್ದರೆ ಅಂಗೈಯಗಲದ ಪ್ಲಾಸ್ಟಿಕ್ ಬುಟ್ಟಿ ತಗೊಂಡು ತಳಕ್ಕೆ ನಾಲ್ಕೈದು ತೂತು ಮಾಡಿ. ಹಳೇ ಗೂಡನ್ನು ಅದರೊಳಗೆ ಕೂರಿಸಿ, ಮೊದಲಿದ್ದ ಜಾಗಕ್ಕೆ ಮೂರಡಿಯೊಳಗೆ ಸುತಳಿಯಿಂದ ಬಿಗಿಯಾಗಿ ಕಟ್ಟಿ. ತೆಂಗಿನ ಚಿಪ್ಪು ಬೇಡ, ನುಣುಪಿಗೆ ಮರಿಯ ಕಾಲು ಜಾರಿ ಎರಡೂ ಪಕ್ಕಕ್ಕೆ ಸರಿದುಬಿಡುತ್ತವೆ. ಕಟ್ಟಿದ ಮೇಲೆ ಒಳಗೆ ಹೋಗಿ ಕಿಟಕಿಯಿಂದ ನೋಡಿ. ಒಂದೆರಡು ತಾಸಿನೊಳಗೆ ತಾಯಿ ಬರುತ್ತದೆ.

ಬಾಯಿಗೆ ನೀರು ಹನಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಮರಿಯ ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ತೆರೆದಿರುತ್ತದೆ, ಹನಿಸಿದ ನೀರು ನೇರ ಅಲ್ಲಿಗೆ ಇಳಿದು ಮರಿ ಸಾಯುತ್ತದೆ. ಅದಕ್ಕೆ ಬೇಕಾದ ನೀರು ಹುಳದಲ್ಲೇ ಸಿಗುತ್ತದೆ. ಹಾಲು, ಬ್ರೆಡ್, ಅನ್ನ ಯಾವುದೂ ಬೇಡ.

ಬೆಕ್ಕು ಬಾಯಿ ಹಾಕಿದ ಮರಿಯಾದರೆ ಗಾಯ ಕಾಣದಿದ್ದರೂ ಪಶುವೈದ್ಯರ ಹತ್ತಿರ ಅದೇ ದಿನ ಒಯ್ಯಬೇಕು. ಬೆಕ್ಕಿನ ಹಲ್ಲಿನ ರೋಗಾಣು ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲಿ ಮುಗಿದೇ ಹೋಗುತ್ತದೆ, ಆ್ಯಂಟಿಬಯಾಟಿಕ್ ಬೇಕೇ ಬೇಕು. ಒಯ್ಯುವಾಗ ತೂತು ಮಾಡಿದ ರಟ್ಟಿನ ಡಬ್ಬಿ, ತಳಕ್ಕೆ ಹಳೇ ಹತ್ತಿಬಟ್ಟೆ. ನಮ್ಮ ಕಡೆಯ ಬಿಸಿಲಿಗೆ ಬಲ್ಬ್ ಶಾಖ ಕೊಡುವ ಅಗತ್ಯವಿಲ್ಲ, ಹಗಲಲ್ಲಿ ಕೊಟ್ಟರೆ ಬೆಂದುಹೋಗುತ್ತದೆ.

ಬಳ್ಳಿ ಸವರುವುದನ್ನು ಮುಂದೂಡಿ. ಮೂರೂ ಮರಿ ಹೊರಟು, ಒಂದು ವಾರ ಗೂಡು ಖಾಲಿ ಇದ್ದ ಮೇಲೆ ನೋಡಿದರಾಯಿತು. ಪಿಕಳಾರ ಒಂದೇ ಬೇಸಿಗೆಯಲ್ಲಿ ಮತ್ತೆ ಗೂಡು ಮಾಡುವುದುಂಟು, ಹಾಗಾಗಿ ಕತ್ತರಿ ಹಾಕುವ ಮೊದಲು ಬಳ್ಳಿಯನ್ನೆಲ್ಲ ಇನ್ನೊಮ್ಮೆ ಹುಡುಕಿ. ಬಣ್ಣ ಹಚ್ಚುವವರಿಗೆ ಆ ಒಂದು ಗೋಡೆ ಬಿಟ್ಟು ಉಳಿದದ್ದು ಮಾಡಲು ಹೇಳಿ. ಕಾಡುಹಕ್ಕಿಯ ಮೊಟ್ಟೆ, ಗೂಡು ಹಾಳು ಮಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ ಎಂಬುದೂ ತಿಳಿದಿರಲಿ.

ಕಲ್ಲುಗುಡ್ಡ_ಸಂಡೂರು:

ಸೂರಕ್ಕಿಗೆ ಹುಚ್ಚು ಹಿಡಿದಿಲ್ಲ, ಅದು ಜಗಳ ಆಡ್ತಿದೆ. ಮರಿ ಮಾಡೋ ಕಾಲಕ್ಕೆ ಗಂಡು ತನ್ನ ಜಾಗಕ್ಕೆ ಇನ್ನೊಂದು ಗಂಡನ್ನು ಬಿಡಲ್ಲ. ಕನ್ನಡೀಲಿ ಕಾಣೋದು ಎದುರಾಳಿ ಅಂದ್ಕೊಂಡು ಹೊಡೀತದೆ. ಎದುರಾಳಿ ಓಡಿಹೋಗದೆ ಇರೋದ್ರಿಂದ ಹಕ್ಕಿ ಸೋಲೊಪ್ಪಲ್ಲ, ತಿನ್ನೋ ಹೊತ್ತೂ ಅದಕ್ಕೇ ಹೋಗ್ತದೆ. ಗಾಡಿ ನಿಲ್ಲಿಸಿದ ತಕ್ಷಣ ಎರಡೂ ಕನ್ನಡಿಗೆ ಹಳೇ ಕಾಲುಚೀಲ ತೊಡಿಸಿಬಿಡಿ, ಮುಗೀತು.

ಕಿಟಕಿಗೆ ಜನ ಮಾಡೋ ತಪ್ಪು ಅಂದ್ರೆ ಒಳಗಿಂದ ಪರದೆ ಎಳೆಯೋದು. ಒಳಗೆ ಕತ್ತಲಾದಷ್ಟೂ ಹೊರಗಿನ ಪ್ರತಿಬಿಂಬ ಇನ್ನೂ ಚೊಕ್ಕ ಕಾಣ್ತದೆ. ಮುಚ್ಚಬೇಕಾದ್ದು ಹೊರಗಡೆಯಿಂದ. ಪತ್ರಿಕೆ ಹಾಳೆ ಅಂಟಿಸಿ, ಇಲ್ಲಾ ಸೋಪಿನ ಗಟ್ಟಿ ನೀರನ್ನು ಬಟ್ಟೇಲಿ ಬಳಿದು ಒಣಗೋಕೆ ಬಿಡಿ, ಗಾಜು ಮಸುಕಾಗ್ತದೆ. ಕೆಲವೇ ವಾರದ ಮಾತು. ಊದಾ ಸೂರಕ್ಕಿಯ ಗಂಡು ಮರಿ ಮಾಡೋ ಕಾಲ ಮುಗಿದ ಮೇಲೆ ಮಿರಿಮಿರಿ ಬಣ್ಣ ಕಳ್ಕೊಂಡು ಹೆಣ್ಣಿನ ಹಾಗೆ ಹಳದಿ ಹೊಟ್ಟೆ ಆಗ್ತದೆ, ಗಂಟಲಿಂದ ಎದೆಗೆ ಒಂದು ಕಪ್ಪು ಗೆರೆ ಮಾತ್ರ ಉಳೀತದೆ. ಆಮೇಲೆ ಕನ್ನಡಿ ಕಡೆ ತಿರುಗಿ ನೋಡಲ್ಲ.

ಹೆಣ್ಣಿನ ಮೇಲೆ ಕಣ್ಣಿಡಿ. ಗೂಡು ಕಟ್ಟೋದು ಅದೇ. ಜೇಡರಬಲೆ, ಒಣ ಎಲೆ ಚೂರು, ಮರದ ಸಿಪ್ಪೆ ಸೇರಿಸಿ ನೇತಾಡೋ ಚೀಲ ಮಾಡ್ತದೆ, ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೆ ಪುಟ್ಟ ಸೂರು. ಬಟ್ಟೆ ಒಣಗಿಸೋ ತಂತಿ, ವೈರು, ಮುರಿದ ಕೊಂಬೆ ಎಲ್ಲಿ ಬೇಕಾದ್ರೂ ಕಟ್ತದೆ, ನೋಡೋಕೆ ಕಸ ಸಿಕ್ಕಿಹಾಕ್ಕೊಂಡಂಗೆ ಇರ್ತದೆ. ಹಬ್ಬದ ಬಲೆ ಹೊಡೆಯೋ ಹೊತ್ತಿಗೆ ಕಸ ಅಂತ ಕಿತ್ತುಹಾಕೋದು ಜಾಸ್ತಿ. ತಂತಿ ಮೇಲೆ ಗೂಡು ಕಂಡ್ರೆ ಬಟ್ಟೆಗೆ ಬೇರೆ ತಂತಿ ಕಟ್ಟಿ. ಸೂರಿನ ಹೊರಮೂಲೆಯ ಜೇಡರಬಲೆ ಸ್ವಲ್ಪ ಉಳಿಸಿ, ಅದಕ್ಕೆ ಸಾಮಾನು ಅದೇ.

ಇನ್ನೊಂದು. ಆನೆಗೊಂದಿಯ ಬಂಡೆಗಳ ಹತ್ರ ಇದ್ದೀರಿ ಅಂದ್ರೆ ಪಿಕಳಾರವನ್ನು ಸರಿಯಾಗಿ ನೋಡಿ. ಕಪ್ಪು ತಲೆ, ಗಿಡ್ಡ ಜುಟ್ಟು, ಬಾಲದ ಬುಡದ ಕೆಳಗೆ ಕೆಂಪು, ಹಾರುವಾಗ ಬೆನ್ನಿನ ತುದೀಲಿ ಬಿಳಿ ಇದ್ರೆ ಅಂಗಳದ ಮಾಮೂಲಿ ಪಿಕಳಾರ. ಮಾಸಲು ಹಸಿರು ಮೈ, ಬಿಳಿ ಹುಬ್ಬು ಇದ್ರೆ ಬಿಳಿಹುಬ್ಬಿನ ಪಿಕಳಾರ, ಕುರುಚಲಿನದು. ತಲೆ, ಕೊರಳು ಹಳದಿ, ಜುಟ್ಟಿಲ್ಲ ಅಂದ್ರೆ ಅದು ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಕಲ್ಲುಗುಡ್ಡ ಬಿಟ್ಟು ಪ್ರಪಂಚದಲ್ಲಿ ಎಲ್ಲೂ ಇಲ್ಲ, ಅಳಿವಿನ ಅಪಾಯದ ಪಟ್ಟೀಲಿದೆ. ಹಂಪಿ, ದರೋಜಿ ಕರಡಿಧಾಮ ಕಡೆ ನೋಡೋಕಂತಲೇ ದೂರದಿಂದ ಜನ ಬರ್ತಾರೆ. ಅದು ಗುಡ್ಡದ ಬುಡದ ಪೊದೆ, ಅತ್ತಿ, ಗೋಣಿ ಮರ ನಂಬ್ಕೊಂಡಿದೆ. ಬೇಸಿಗೇಲಿ ಗುಡ್ಡಕ್ಕೆ ಬೆಂಕಿ ಹಚ್ಚೋದು, ಕಲ್ಲು ಒಡೆಯೋದು ಎರಡೂ ಅದಕ್ಕೆ ಕುತ್ತು. ನಿಮ್ಮ ಹಿತ್ತಲಿನ ಬೇಲಿ ಪೊದೆ ಸುಡಬೇಡಿ, ದಯವಿಟ್ಟು.

ರಾಯಚೂರು_ಮಾಳಿಗೆ:

ನೀರಿನ ವಿಷಯಕ್ಕೆ ನಾನು ಹೇಳತೀನಿ. ಸ್ಟೀಲ್ ಬೋಗುಣಿಗೆ ಹಕ್ಕಿ ಯಾಕ ಬರಲ್ಲ ಅಂದ್ರ: ಅಂಚು ಜಾರತೈತಿ, ಆಳ ಜಾಸ್ತಿ, 40 ಡಿಗ್ರಿ ಬಿಸಿಲಿಗೆ ಹನ್ನೊಂದು ಗಂಟೆಗೇ ನೀರು ಕೈ ಸುಡತೈತಿ. ಮ್ಯಾಲ ಬಯಲು ಮಾಳಿಗೆ ಮ್ಯಾಲ ಕುಂದರಾಕ ಒಂದು ಕೊಂಬಿಲ್ಲ. ಹಕ್ಕಿ ಮೊದಲು ಹತ್ರದ ಕೊಂಬಿ ಮ್ಯಾಲ ಕುಂತು ಬೆಕ್ಕೈತೇನು, ಡೇಗೆ ಐತೇನು ನೋಡಿ ಆಮ್ಯಾಲ ಇಳಿತೈತಿ.

ಕುಂಬಾರರ ಹತ್ರ ಹೂಕುಂಡದ ತಳಕ್ಕಿಡೋ ಮಣ್ಣಿನ ತಟ್ಟಿ ಕೇಳ್ರಿ, ಬಣ್ಣ ಹಚ್ಚದೇ ಇದ್ದದ್ದು, 12ರಿಂದ 14 ಇಂಚು ಅಗಲ. ಅಂಚಿನ್ಯಾಗ ಒಂದು ಇಂಚು, ನಡುವ ಎರಡು ಇಂಚು ನೀರು ಸಾಕು. ಆಳ ಹೆಚ್ಚಿದ್ರ ನಡುವ ಒಂದು ಒರಟು ಕಲ್ಲು ಇಡ್ರಿ, ತುದಿ ನೀರಿನ ಮ್ಯಾಲ ಕಾಣಬೇಕು. ಜೇನು, ಗುಬ್ಬಿಮರಿ ಎರಡಕ್ಕೂ ಅದು ದಡ. ಹೊಸ ತಟ್ಟಿ ಒಂದು ರಾತ್ರಿ ನೀರಾಗ ನೆನಸ್ರಿ, ಇಲ್ಲಾಂದ್ರ ಮೊದಲ ದಿನ ಎಲ್ಲಾ ನೀರು ತಾನ ಕುಡಿತೈತಿ. ಏಪ್ರಿಲ್‌ನ್ಯಾಗ ಇಂಥ ಒಂದು ತಟ್ಟಿಯಿಂದ ಬರೇ ಆವಿಯಾಗಿ ಹೋಗೋದೇ ಮುಕ್ಕಾಲು ಲೀಟರ್ ಹತ್ರ, ಸೋರಿದ್ದು ಬ್ಯಾರೆ. ಹಂಗಾಗಿ ಮುಂಜಾನೆ ಒಮ್ಮೆ, ಮಧ್ಯಾಹ್ನ ಎರಡರ ಸುಮಾರು ಇನ್ನೊಮ್ಮೆ ತುಂಬಸ್ರಿ. ಹಕ್ಕಿಗೆ ಹೆಚ್ಚು ಬೇಕಾಗೋದು ಮಧ್ಯಾಹ್ನದ ನೀರು, ನಾವು ತಪ್ಪಸೋದೂ ಅದನ್ನ.

ಜಾಗ: ಬೇವಿನ ಇಲ್ಲಾ ಕರಿಬೇವಿನ ನೆಳ್ಳು, ಆದ್ರ ದಟ್ಟ ಪೊದಿಯಿಂದ 6ರಿಂದ 8 ಅಡಿ ದೂರ. ಪೊದಿಗೆ ಹತ್ತಿದ್ರ ಬೆಕ್ಕು ಅಲ್ಲೇ ಹೊಂಚು ಹಾಕತೈತಿ. ಮೂರಡಿ ಎತ್ತರದ ಕಟ್ಟಿ ಇದ್ರ ಇನ್ನೂ ಚಲೋ. ನೀರು ಬೋರ್‌ದ್ದು ಉಪ್ಪಿದ್ರ ಅಂಚಿಗೆ ಬಿಳಿ ಪದರ ಕಟ್ಟತೈತಿ, ನಳದ ನೀರು ಇದ್ರ ಅದನ್ನ ಹಾಕ್ರಿ. ಆರ್‌ಓ ಯಂತ್ರದ ತ್ಯಾಜ್ಯ ನೀರು ಬ್ಯಾಡ, ಅದರಾಗ ಲವಣ ಹಿಂಡಿಟ್ಟಂಗ ಇರತೈತಿ.

ತೊಳಿಯೋದೇ ಮುಖ್ಯ. ಡೆಂಗಿ ಸೊಳ್ಳಿ ತತ್ತಿ ಇಡೋದು ನೀರಿನ ಅಂಚಿನ ಗೋಡಿಗೆ, ಒಣಗಿದ್ರೂ ತಿಂಗಳುಗಟ್ಟಲೆ ಬದುಕತಾವು. ಬರೇ ನೀರು ಚೆಲ್ಲಿ ತುಂಬಿದ್ರ ತತ್ತಿ ಅಲ್ಲೇ ಇರತಾವು. ತೆಂಗಿನ ನಾರಿಲೆ ಅಂಚು ತಿಕ್ಕಬೇಕು, ಸೋಪು ಬ್ಯಾಡ. ಎರಡು ತಟ್ಟಿ ಇಟ್ಕೊಂಡು ಒಂದು ದಿನ ಒಂದನ್ನ ಬಿಸಿಲಿಗೆ ಪೂರ್ತಿ ಒಣಗಸ್ರಿ. ಬೆಳವ, ಪಾರಿವಾಳಗಳ ಗಂಟಲು ರೋಗ ಹಸಿ ತಟ್ಟಿಯಿಂದ ಹಬ್ಬತೈತಿ, ಒಣಗಿದ್ರ ಆ ರೋಗಾಣು ಉಳಿಯಂಗಿಲ್ಲ. ಹಂಗ ಅಂಗಳದ ನೀರಿನ ತೊಟ್ಟಿ ಅರ್ಧ ಖಾಲಿ ಇದ್ರ ಒಂದು ಒರಟು ಹಲಗಿ ಓರೆ ಇಳಿಬಿಡ್ರಿ. ಅಳಿಲು ಕುಡಿಯಾಕ ಇಳಿದು ಹತ್ತಾಕ ಆಗದ ಮುಳುಗತಾವು.

ಆನೆಗೊಂದಿ_ಅಂಗಳ:

ಭಾಳ ಉಪಕಾರ ಆತ್ರಿ. ಮರಿ ದಾಸವಾಳದಾಗ ಕುಂತೈತಿ, ತಾಯಿ ಬಂದು ತಿನ್ನಸಾಕತ್ತೈತಿ. ಇನ್ನೆರಡು ಕೇಳ್ತೀನಿ. ಕಾಳು ಹಾಕಬಹುದಾ? ಗುಬ್ಬಿ ಸಲುವಾಗಿ ಡಬ್ಬಿ ಕಟ್ಟಿದ್ರ ಬರತಾವಾ? ನೀರು, ಕಾಳು ಇಟ್ರ ಹಾವು ಬರತಾವು ಅಂತ ಮನ್ಯಾಗ ಅಂಜತಾರ.

ಸಿಂಧನೂರು_ಹೊಲ:

ಕಾಳು ಹಾಕಬಹುದು, ಆದರೆ ಸಂಜೆಗೆ ಖಾಲಿಯಾಗುವಷ್ಟೇ. ಒಂದು ಹಿಡಿ ಸಜ್ಜೆ, ನವಣೆ ಅಥವಾ ಜೋಳದ ನುಚ್ಚು ಸಾಕು. ರಾತ್ರಿ ಉಳಿದ ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಮನೆಯವರ ಅಂಜಿಕೆಗೆ ಕಾರಣ ಇದೇ, ಪರಿಹಾರವೂ ಇದೇ: ನೆಲದ ಮೇಲೆ ಚೆಲ್ಲಬೇಡಿ, ಅಂಚಿರುವ ತಟ್ಟೆಯಲ್ಲಿ ಎತ್ತರಕ್ಕಿಡಿ, ಕತ್ತಲಾಗುವ ಮೊದಲು ಗುಡಿಸಿ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಚೂರು, ಉಪ್ಪಿನ ಅನ್ನ ಬೇಡ. ಬೂಷ್ಟು ಹಿಡಿದ ಶೇಂಗಾ ಹಕ್ಕಿಗೂ ವಿಷವೇ. ಬಿತ್ತಿ ಉಳಿದ, ಔಷಧಿ ಲೇಪಿಸಿದ ಬಣ್ಣದ ಬೀಜವನ್ನಂತೂ ಯಾವ ಕಾರಣಕ್ಕೂ ಹೊರಗೆ ಸುರಿಯಬೇಡಿ, ಕೆಲವೇ ಕಾಳು ಸಣ್ಣ ಹಕ್ಕಿಯನ್ನು ಕೊಲ್ಲಬಲ್ಲವು. ಉಳಿದದ್ದನ್ನು ಮನೆ, ಬಾವಿಯಿಂದ ದೂರ ಆಳಕ್ಕೆ ಹೂಳಿ.

ಗದ್ದೆ ಪಕ್ಕದ ಮನೆ ಅಂದಿರಿ. ಇಲಿಗೆ ಬ್ರೋಮಾಡಿಯೋಲೋನ್ ಬಿಲ್ಲೆ ಇಡುವುದಿದ್ದರೆ ಯೋಚಿಸಿ. ಅದನ್ನು ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಕೆಲವು ದಿನ ತೂರಾಡುತ್ತಾ ಓಡಾಡುತ್ತದೆ, ಅದನ್ನೇ ಹಾಲಕ್ಕಿ, ಕಣಜದ ಗೂಬೆ ಹಿಡಿದು ತಿನ್ನುತ್ತವೆ. ಇಲಿ ಹಿಡಿಯುವ ಗೂಬೆಯೇ ಸತ್ತರೆ ಮುಂದಿನ ಬೆಳೆಗೆ ಇಲಿ ಹೆಚ್ಚುತ್ತದೆ. ಮನೆಯೊಳಗೆ ಬೋನು ಸಾಕು.

ಗುಬ್ಬಿ ಡಬ್ಬಿ ಸುತ್ತಮುತ್ತ ಗುಬ್ಬಿ ಇದ್ದರೆ ಮಾತ್ರ ತುಂಬುತ್ತದೆ. ಒಳಗೆ 15 ಸೆಂ.ಮೀ. ಉದ್ದ ಅಗಲ, 20 ಸೆಂ.ಮೀ. ಎತ್ತರ, ಮರದ ದಪ್ಪ 15 ಮಿ.ಮೀ.ಗೆ ಕಡಿಮೆ ಬೇಡ. ತೆಳು ಪ್ಲೈವುಡ್, ಪ್ಲಾಸ್ಟಿಕ್ ಡಬ್ಬಿ ನಮ್ಮ ಬಿಸಿಲಿಗೆ ಒಲೆಯಾಗುತ್ತದೆ. ಬಾಗಿಲ ತೂತು 32 ಮಿ.ಮೀ., ಗೊರವಂಕ ಅದರಲ್ಲಿ ತೂರುವುದಿಲ್ಲ. ತಳದಿಂದ ತೂತಿಗೆ 12ರಿಂದ 15 ಸೆಂ.ಮೀ. ಇರಲಿ, ಕಡಿಮೆಯಾದರೆ ಕಾಗೆ ಕೊಕ್ಕಿಗೆ ಮರಿ ಸಿಗುತ್ತದೆ. ಮುಂದೆ ಕೂರುವ ಕಡ್ಡಿ ಹಚ್ಚಬೇಡಿ, ಗುಬ್ಬಿಗೆ ಅದು ಬೇಕಿಲ್ಲ, ಕಾಗೆಗೆ ಅನುಕೂಲ. ಸೂರಿನ ಕೆಳಗೆ 8ರಿಂದ 10 ಅಡಿ ಎತ್ತರಕ್ಕೆ, ಬಾಗಿಲು ಉತ್ತರಕ್ಕೋ ಪೂರ್ವಕ್ಕೋ ಮುಖ ಮಾಡಿರಲಿ. ಗುಬ್ಬಿ ಒಟ್ಟಿಗಿರುವ ಹಕ್ಕಿ, ಒಂದರ ಬದಲು ಎರಡು ಮೂರು ಡಬ್ಬಿ ಹತ್ತಿರ ಹತ್ತಿರ ಕಟ್ಟಿ. ಪಕ್ಕದ ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ಇದ್ದರೆ ಕಿಟಕಿಗೆ ಜಾಳಿಗೆ ಹಾಕಿಸಿ. ಡಬ್ಬಿಯಷ್ಟೇ ಸಾಲದು, ಮರಿಗೆ ಮೊದಲ ದಿನಗಳಲ್ಲಿ ಹುಳವೇ ಆಹಾರ. ಅಂಗಳದ ಗಿಡಗಳಿಗೆ ಕೀಟನಾಶಕ ಹೊಡೆದರೆ ಕಾಳು ಎಷ್ಟಿದ್ದರೂ ಮರಿ ಉಳಿಯುವುದಿಲ್ಲ.

ಹಾವು ಕಂಡರೆ ಹೊಡೆಯಬೇಡಿ, ಹಿಡಿಯಲು ಹೋಗಬೇಡಿ. ದೂರದಿಂದ ಒಬ್ಬರು ಕಣ್ಣಿಟ್ಟಿರಿ, ಇನ್ನೊಬ್ಬರು ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಬಹಳ ಸಲ ಅದು ಇಲಿಗೆ ಬಂದ ಕೇರೆಹಾವು. ಆದರೆ ಕಲ್ಲುಗುಡ್ಡದ ಬುಡದಲ್ಲಿ ಗರಗಸ ಮಂಡಲ ಇರುತ್ತದೆ, ಚಿಕ್ಕದು, ಕಲ್ಲಿನ ಬಣ್ಣದ್ದು, ಕಾಣುವುದೇ ಇಲ್ಲ. ಸಂಜೆ ನೀರಿನ ತಟ್ಟೆ ತೊಳೆಯಲು ಹೋಗುವಾಗ ಕಾಲಿಗೆ ಚಪ್ಪಲಿ, ಕೈಯಲ್ಲಿ ಬ್ಯಾಟರಿ ಇರಲಿ. ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು, ನಾಟಿ ಔಷಧ ಯಾವುದೂ ಬೇಡ. ಕೈಕಾಲು ಅಲುಗಾಡಿಸದೆ ನೇರ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಚುಚ್ಚುಮದ್ದು, ಹಾಗಾಗಿ ಯಾವ ಹಾವು ಎಂದು ತೋರಿಸಲು ಅದನ್ನು ಹುಡುಕಿ ಕೊಂದು ತರುವ ಅಗತ್ಯವೂ ಇಲ್ಲ.

ಬೇವಿನ_ನೆಳ್ಳು:

ಗಿಡದ ಮಾತು ಯಾರೂ ಎತ್ತಲಿಲ್ಲ, ಅದನ್ನೂ ಸೇರಿಸುತ್ತೇನೆ. ಕಾಳಿಗಿಂತ ಗಿಡ ಹೆಚ್ಚು ಹಕ್ಕಿಯನ್ನು ಸಾಕುತ್ತದೆ. ಗಸಗಸೆ ಹಣ್ಣಿನ ಮರ ನೆಟ್ಟರೆ ಎರಡು ವರ್ಷದೊಳಗೆ ಹಣ್ಣು, ಪಿಕಳಾರ, ಕೋಗಿಲೆಗೆ ವರ್ಷದ ಬಹುಪಾಲು ಊಟ. ಕರಿಬೇವಿನ ಕಪ್ಪು ಹಣ್ಣು, ಬೇವಿನ ಹಣ್ಣು ಬಿರುಬೇಸಿಗೆಗೆ ಒದಗುತ್ತವೆ, ಹಾಗಾಗಿ ಕರಿಬೇವಿನ ಹೂಗೊಂಚಲನ್ನೆಲ್ಲ ಚಿವುಟದೆ ಒಂದೆರಡು ಕೊಂಬೆ ಬಿಡಿ. ಸೂರಕ್ಕಿಗೆ ದಾಸವಾಳ, ರತ್ನಗಂಧಿ, ನುಗ್ಗೆ ಹೂವು ಸಾಕು, ಸಕ್ಕರೆ ನೀರು ಇಡುವುದು ಬೇಡ. ಸಸಿಗಳನ್ನು ಈಗ ಹಚ್ಚಬೇಡಿ, ಬಿಸಿಲಿಗೆ ನಿಲ್ಲುವುದಿಲ್ಲ. ಜೂನ್‌ನಲ್ಲಿ ಮಳೆ ಒಂದೆರಡು ಸಲ ನೆಲ ನೆನೆಸಿದ ಮೇಲೆ ಎರಡಡಿ ಗುಂಡಿ ತೆಗೆದು ಹಚ್ಚಿ.