ಒಂದು ವರ್ಷದ ಪ್ಲೇಸ್‌ಮೆಂಟ್: ಕ್ಲೀನ್‌ರೂಮಾ, ಫೇಲ್ಯೂರ್ ಲ್ಯಾಬಾ?

ಮೂರನೇ_ಬೆಂಚು

ಮೆಟೀರಿಯಲ್ಸ್ ಮತ್ತು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮೂರನೇ ವರ್ಷ. ನಮ್ಮ ಕೋರ್ಸಿನಲ್ಲಿ ಮುಂದಿನ ವರ್ಷ ಪೂರ್ತಿ ಕಂಪನಿಯಲ್ಲಿ ಕೆಲಸ, ಆಮೇಲೆ ವಾಪಸ್ ಬಂದು ಕೊನೇ ವರ್ಷ ಮುಗಿಸಬೇಕು. ಎರಡು ಕಡೆಯಿಂದ ಕರೆ ಬಂದಿದೆ. ಒಂದು ಸಿಲಿಕಾನ್ ಕಾರ್ಬೈಡ್ ಪವರ್ ಡಿವೈಸ್, ಅಂದರೆ ಜಾಸ್ತಿ ವಿದ್ಯುತ್ ನಿಭಾಯಿಸುವ ಚಿಪ್, ಮಾಡುವ ದೊಡ್ಡ ಫ್ಯಾಬ್ (ಚಿಪ್ ಕಾರ್ಖಾನೆ), ಅಲ್ಲಿ ಧೂಳಿಲ್ಲದ ಕೋಣೆಯ, ಅಂದರೆ ಕ್ಲೀನ್‌ರೂಮಿನ, ಪ್ರೋಸೆಸ್ ಟೀಮ್. ಇನ್ನೊಂದು ಸರ್ಕ್ಯೂಟ್ ಬೋರ್ಡ್ ಜೋಡಿಸುವ ಕಂಪನಿಯ ಫೇಲ್ಯೂರ್ ಅನಾಲಿಸಿಸ್ ಲ್ಯಾಬ್, ಇರುವುದೇ ನಾಲ್ಕು ಜನ. ಕೇಳಿದವರೆಲ್ಲ ಕಣ್ಣು ಮುಚ್ಚಿಕೊಂಡು ಫ್ಯಾಬಿಗೆ ಹೋಗು ಅಂತಾರೆ. ನನಗೋ, ಮೈತುಂಬ ಬಿಳಿ ಸೂಟ್ ಹಾಕಿಕೊಂಡು ವರ್ಷವಿಡೀ ಬಟನ್ ಒತ್ತಿ ಬಂದರೆ ಏನು ಕಲಿತ ಹಾಗಾಯಿತು ಅನ್ನುವ ಭಯ. ಎರಡರಲ್ಲಿ ಯಾವುದನ್ನಾದರೂ ಮಾಡಿದವರು ಇದ್ದರೆ ಹೇಳಿ. ಒಪ್ಪಿಕೊಳ್ಳುವ ಮೊದಲು ಅವರನ್ನು ಏನು ಕೇಳಬೇಕು?

ಹಳೇ_ವೇಫರ್

ನಾನು ಕ್ಲೀನ್‌ರೂಮ್ ಮಾಡಿದವನು. ಬಟನ್ ಒತ್ತುವುದು ಇರುತ್ತದೆ, ಸುಳ್ಳು ಹೇಳಲ್ಲ. ಮೊದಲ ತಿಂಗಳು ಬರೀ ಟ್ರೈನಿಂಗ್: ಸೂಟ್ ಯಾವ ಕ್ರಮದಲ್ಲಿ ಹಾಕಬೇಕು, ಗ್ಲೌಸ್ ಯಾವಾಗ ಬದಲಾಯಿಸಬೇಕು, ಯಾವ ಆಸಿಡ್ ಹತ್ತಿರ ಹೋಗಬಾರದು. ಐಎಸ್‌ಒ 5 ದರ್ಜೆಯ ಕೋಣೆ ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು 3,520ಕ್ಕಿಂತ ಜಾಸ್ತಿ ಇರಬಾರದು. ಅಲ್ಲಿ ಎಲ್ಲಕ್ಕಿಂತ ಕೊಳಕು ವಸ್ತು ನೀವೇ. ರೆಸಿಪಿ, ಅಂದರೆ ಮಷೀನಿನ ಸೆಟ್ಟಿಂಗ್, ಮುಟ್ಟಲು ವಿದ್ಯಾರ್ಥಿಗೆ ಬಿಡುವುದಿಲ್ಲ, ಬಿಡಲೂಬಾರದು.

ಆದರೆ ಡೇಟಾ ಕೊಡುತ್ತಾರೆ, ಅದರಲ್ಲೇ ಇದೆ ಮಜಾ. ನನಗೆ ಸಿಕ್ಕಿದ್ದು ಫೋರ್ ಪಾಯಿಂಟ್ ಪ್ರೋಬ್ ಅಳತೆ, ಅಂದರೆ ನಾಲ್ಕು ಸೂಜಿ ಇಟ್ಟು ಪದರದ ವಿದ್ಯುತ್ ರೋಧ ಅಳೆಯುವುದು. ವೇಫರಿನ, ಅಂದರೆ ಚಿಪ್ ಮಾಡುವ ತೆಳು ಬಿಲ್ಲೆಯ, ಅಂಚಿಗೆ ಹೋದ ಹಾಗೆ ಆ ರೋಧ (ಶೀಟ್ ರೆಸಿಸ್ಟೆನ್ಸ್) ಏರುತ್ತಿತ್ತು, ಪ್ರತಿ ವೇಫರಿನಲ್ಲೂ. ಮೂರು ವಾರ, ಬೇರೆ ಧಾತುವಿನ ಅಯಾನುಗಳನ್ನು ವೇಫರಿನೊಳಗೆ ಹೊಡೆದು ಸೇರಿಸುವ ಇಂಪ್ಲಾಂಟ್ ಮಷೀನ್ ಸರಿ ಇಲ್ಲ ಅಂತ ಸ್ಲೈಡ್ ಮೇಲೆ ಸ್ಲೈಡ್ ಮಾಡಿದೆ. ಕೊನೆಗೆ ಒಬ್ಬ ಟೆಕ್ನಿಷಿಯನ್ ಬಂದು, ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ನೀನು ಗುಣಿಸುತ್ತಿರುವ ಆ 4.53 ಎಲ್ಲಿಂದ ಬಂತು ಅಂತ ಕೇಳಿದರು. ಪುಸ್ತಕದಲ್ಲಿತ್ತು, ಬಳಸಿದ್ದೆ, ಅಷ್ಟೇ. ಅದು ಕೊನೆಯೇ ಇಲ್ಲದ ಹಾಳೆಗೆ ಹೊಂದುವ ಸಂಖ್ಯೆ. ಅಂಚಿನ ಹತ್ತಿರ ಕರೆಂಟಿಗೆ ಹರಡಲು ಜಾಗ ಇರುವುದಿಲ್ಲ, ಹಾಗಾಗಿ ವೋಲ್ಟೇಜ್ ಜಾಸ್ತಿ ತೋರಿಸುತ್ತದೆ. ಮಷೀನ್ ಸರಿಯಾಗೇ ಇತ್ತು. ಆ ಒಂದು ಪ್ರಶ್ನೆ ನನಗೆ ಎರಡು ಸೆಮಿಸ್ಟರಿಗಿಂತ ಜಾಸ್ತಿ ಕಲಿಸಿತು.

ಇನ್ನೊಂದು ವಿಷಯ, ಸಿಲಿಕಾನಿನಲ್ಲಿ ಓದಿದ್ದು ಸಿಲಿಕಾನ್ ಕಾರ್ಬೈಡಿಗೆ ಹಾಗೇ ನಡೆಯಲ್ಲ. ಅದರೊಳಗೆ ಡೋಪೆಂಟ್‌ಗಳು, ಅಂದರೆ ವಿದ್ಯುತ್ ಗುಣ ಬದಲಿಸಲು ಬೆರೆಸುವ ಧಾತುಗಳು, ಹರಡುವುದೇ ಇಲ್ಲ ಅನ್ನಬಹುದು, ಆದ್ದರಿಂದ ಇಂಪ್ಲಾಂಟ್ ಮಾಡಿ 1,600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೋ ಇನ್ನೂ ಮೇಲೋ ಅನೀಲ್ ಮಾಡಬೇಕು, ಅಂದರೆ ಕಾಯಿಸಬೇಕು. ಸಿಲಿಕಾನ್ ಕರಗುವುದೇ 1,414ಕ್ಕೆ, ಯೋಚಿಸಿ. ಮೆಟೀರಿಯಲ್ಸ್ ಓದಿದವರಿಗೆ ಅಲ್ಲಿ ಕೆಲಸ ಚೆನ್ನಾಗಿಯೇ ಇರುತ್ತದೆ.

ಬೆಸುಗೆ

ಹಳೇ ವೇಫರ್ ಹೇಳಿದ್ದು ಸರಿ, ಆದರೆ ಆ ಟೆಕ್ನಿಷಿಯನ್ ಬರದೇ ಇದ್ದಿದ್ದರೆ? ದೊಡ್ಡ ಜಾಗದಲ್ಲಿ ಅದು ಅದೃಷ್ಟದ ಮಾತು. ನಾಲ್ಕು ಜನರ ಲ್ಯಾಬಿನಲ್ಲಿ ತಪ್ಪಿಸಿಕೊಳ್ಳಲು ಯಾರಿಗೂ ಜಾಗವಿಲ್ಲ, ನಿಮಗೂ ಇಲ್ಲ.

ಕೆಲಸ ಹೇಗಿರುತ್ತದೆ ಅಂದರೆ, ಕೆಟ್ಟ ಬೋರ್ಡ್ ವಾಪಸ್ ಬರುತ್ತದೆ, ಯಾಕೆ ಕೆಟ್ಟಿತು ಹೇಳಬೇಕು. ಅನುಮಾನ ಇರುವ ಭಾಗ ಕತ್ತರಿಸಿ, ಎಪಾಕ್ಸಿಯಲ್ಲಿ ಕೂರಿಸಿ, ಒರಟು ಎಮರಿ ಕಾಗದದಿಂದ ಶುರು ಮಾಡಿ ನಯವಾದದ್ದಕ್ಕೆ ಇಳಿಯುತ್ತಾ ಉಜ್ಜಬೇಕು, ಕೊನೆಗೆ ಡೈಮಂಡ್ ಪೇಸ್ಟ್. ಚಿಪ್ ಅನ್ನು ಬೋರ್ಡಿಗೆ ಬೆಸೆಯುವ ಅರ್ಧ ಮಿಲಿಮೀಟರ್ ಸೋಲ್ಡರ್ ಬಾಲ್‌ನ ಸರಿಯಾಗಿ ಮಧ್ಯಕ್ಕೆ ಬಂದು ನಿಲ್ಲಬೇಕು. ನನ್ನ ಎರಡನೇ ತಿಂಗಳಲ್ಲಿ ಬಿರುಕು ಕಾಣಿಸಿತು, ಇನ್ನೂ ಸ್ವಲ್ಪ ಚೆಂದ ಕಾಣಲಿ ಅಂತ ಎರಡು ನಿಮಿಷ ಜಾಸ್ತಿ ಉಜ್ಜಿದೆ. ಬಿರುಕೇ ಹೋಯಿತು. ವಾಪಸ್ ಬಂದಿದ್ದು ಆ ಒಂದೇ ಬೋರ್ಡ್. ಫೋಟೋನೂ ತೆಗೆದಿರಲಿಲ್ಲ. ನನ್ನ ಮೇಲಿನವರು ಬೈಯಲಿಲ್ಲ, ಅದೇ ಕಷ್ಟವಾಯಿತು. ಅವತ್ತಿಂದ ಕ್ರಮ ತಪ್ಪಿಸಿಲ್ಲ: ಮೊದಲು ಕಣ್ಣು, ಆಮೇಲೆ ಎಕ್ಸ್‌ರೇ, ಆಮೇಲೆ ಎಲೆಕ್ಟ್ರಿಕಲ್ ಅಳತೆ, ಕತ್ತರಿಸುವುದು ಎಲ್ಲ ಮುಗಿದ ಮೇಲೆ.

ಯಾವ ಮಿಶ್ರಣ ಯಾವ ಬಿಸಿಗೆ ಕರಗುತ್ತದೆ ಅಂತ ತೋರಿಸುವ ಫೇಸ್ ಡಯಾಗ್ರಮ್ ಕ್ಲಾಸಿನಲ್ಲಿ ನೋಡಿ ನಿದ್ದೆ ಬಂದಿತ್ತಲ್ವಾ, ಅದು ಇಲ್ಲಿ ಎದ್ದು ಕೂರುತ್ತದೆ. ಹಳೇ ತವರ-ಸೀಸದ ಸೋಲ್ಡರ್ 183 ಡಿಗ್ರಿಗೆ ಕರಗುತ್ತಿತ್ತು. ಸೀಸ ಬಿಟ್ಟು ಬಂದ ಎಸ್‌ಎಸಿ 305, ಅಂದರೆ 96.5 ಭಾಗ ತವರ, 3 ಬೆಳ್ಳಿ, 0.5 ತಾಮ್ರ, ಅದಕ್ಕೆ 217ರಿಂದ 220 ಬೇಕು. ಮೂವತ್ತು ಚಿಲ್ಲರೆ ಡಿಗ್ರಿ ಏನು ಮಹಾ ಅನ್ನಿಸುತ್ತದೆ. ಆ ಬಿಸಿಗೆ ಬೋರ್ಡ್ ಬಾಗುತ್ತದೆ, ಚಿಪ್‌ನ ಪ್ಲಾಸ್ಟಿಕ್ ಕವಚದ (ಪ್ಯಾಕೇಜ್) ಒಳಗೆ ತೇವ ಕೂತಿದ್ದರೆ ಆವಿಯಾಗಿ ಉಬ್ಬಿ ಸೀಳುತ್ತದೆ. ಅದಕ್ಕೆ ಪಾಪ್‌ಕಾರ್ನ್ ಅಂತಲೇ ಹೆಸರು. ಬಿಚ್ಚಿದ ಪೊಟ್ಟಣದ ಚಿಪ್‌ಗಳನ್ನು ಗಂಟೆಗಟ್ಟಲೆ ಹೊರಗಿಟ್ಟು, ಬೇಕ್ ಮಾಡದೆ, ಅಂದರೆ ಕಾಯಿಸಿ ತೇವ ಓಡಿಸದೆ, ಲೈನಿಗೆ ಹಾಕಿದರೆ ಆಗುವುದು ಇದೇ.

ರಾತ್ರಿ_ಪಾಳಿ

ಯಾವ ಜಾಗ ಅನ್ನುವುದಕ್ಕಿಂತ ಯಾರ ಕೈಕೆಳಗೆ ಅನ್ನುವುದು ಮುಖ್ಯ. ಹಾಗಾಗಿ ಇಬ್ಬರನ್ನೂ ಕೇಳಿ: ಹೋದ ವರ್ಷದ ವಿದ್ಯಾರ್ಥಿ ಏನು ಮಾಡಿದ, ಅವನ ಕೆಲಸ ಈಗಲೂ ಯಾರಾದರೂ ಬಳಸುತ್ತಿದ್ದಾರಾ? ಉತ್ತರ ತಡವರಿಸಿದರೆ ಗೊತ್ತಾಗುತ್ತದೆ. ಇನ್ನೊಂದು, ಯಾರೂ ಹೇಳಲ್ಲ: ಕಾಲೇಜಿಗೆ ರಿಪೋರ್ಟ್ ಕೊಡಬೇಕಲ್ವಾ, ಅದರಲ್ಲಿ ಏನು ಬರೆಯಬಹುದು ಅಂತ ಸೇರುವ ಮೊದಲೇ ಕೇಳಿ. ನನ್ನ ಗ್ರಾಫ್‌ಗಳ ಅಕ್ಷಗಳಿಂದ ಸಂಖ್ಯೆಗಳನ್ನೆಲ್ಲ ಅಳಿಸಿದರು. ಪರೀಕ್ಷಕರು ಬೆಟ್ಟ-ಗುಡ್ಡದ ಚಿತ್ರ ನೋಡಿದ ಹಾಗೆ ನೋಡಿದರು.

ಫ್ಯಾಬಿಗೆ ಹೋದರೆ ಹೈಡ್ರೋಫ್ಲೋರಿಕ್ ಆಸಿಡ್ ಬಗ್ಗೆ ಮಾತ್ರ ತಮಾಷೆ ಬೇಡ. ನೀರು ಬೆರೆಸಿ ತೆಳುವಾಗಿಸಿದ್ದಾದರೆ ಮೈಮೇಲೆ ಬಿದ್ದಾಗ ತಕ್ಷಣ ಉರಿಯುವುದೇ ಇಲ್ಲ, ಒಳಗೆ ಇಳಿದು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಅದಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಎಲ್ಲಿಟ್ಟಿದ್ದಾರೆ ಅಂತ ಮೊದಲ ದಿನವೇ ನೋಡಿಕೊಳ್ಳಿ.

ಮೂರನೇ_ಬೆಂಚು

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಪಾಳಿ ಹೇಳಿದ ಪ್ರಶ್ನೆ ಎರಡೂ ಕಡೆ ಕೇಳಿದೆ. ಫ್ಯಾಬಿನವರು ಟೀಮಿನಲ್ಲಿ ವಿಚಾರಿಸಿ ಹೇಳುತ್ತೇವೆ ಅಂದರು, ಒಂಬತ್ತು ದಿನವಾಯಿತು. ಲ್ಯಾಬಿನವರು ಫೋನಿನಲ್ಲೇ ಹೋದ ವರ್ಷದ ಹುಡುಗಿ ಮಾಡಿಟ್ಟ ಬಿರುಕುಗಳ ಫೋಟೋ ಆಲ್ಬಮ್ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು, ಹೊಸ ಬೋರ್ಡ್ ಬಂದಾಗ ಈಗಲೂ ಮೊದಲು ಅದನ್ನೇ ತೆಗೆದು ನೋಡುತ್ತಾರಂತೆ. ಲ್ಯಾಬಿಗೆ ಹೂಂ ಅಂದಿದ್ದೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಬೆಸುಗೆ ಅವರೇ, ಆ ಎಪಾಕ್ಸಿ ವಾಸನೆ ಅಭ್ಯಾಸ ಆಗುತ್ತಾ?

ಬೆಸುಗೆ

ಆಗಲ್ಲ. ಫ್ಯೂಮ್ ಹುಡ್ ಒಳಗೇ ಕಲಸಿ, ಶಾರ್ಟ್ಸ್ ಹಾಕಿಕೊಂಡು ಹೋಗಬೇಡಿ.