ಪದ ಬೇಕು, ತುರ್ತು: ಸಿ.ಡಿ. ಮೇಲಿನ ಬಣ್ಣಕ್ಕೆ ವಕ್ರೀಭವನವೋ ವಿವರ್ತನೆಯೋ?

ಎಲ್ಲರಿಗೂ ನಮಸ್ಕಾರ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಹೈಸ್ಕೂಲು ಮಕ್ಕಳ ಪ್ರದರ್ಶನ. ಫಲಕಗಳು ಇವತ್ತು ಸಂಜೆ ಆರರೊಳಗೆ ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ಮೇಜಿನ ಮೇಲೆ ಒಂದು ಪಟ್ಟಕ (ಪ್ರಿಸಮ್), ಪಕ್ಕದಲ್ಲಿ ಹಳೆಯ ಸಿ.ಡಿ. ಎರಡರಲ್ಲೂ ಕಾಮನಬಿಲ್ಲಿನ ಬಣ್ಣ ಬರುತ್ತದೆಂದು ಕರಡಿನಲ್ಲಿ ಎರಡಕ್ಕೂ ‘ವಕ್ರೀಭವನ’ (ರಿಫ್ರ್ಯಾಕ್ಷನ್) ಎಂದೇ ಬರೆದಿದ್ದಾರೆ. ಸಿ.ಡಿ.ಗೆ ಅದು ತಪ್ಪು, ಅಲ್ಲಿರುವುದು ಡಿಫ್ರ್ಯಾಕ್ಷನ್. ‘ವಿವರ್ತನೆ’ ಎಂದರೆ ಎಂಟನೆಯ ತರಗತಿಯವರಿಗೆ ಏನಾದರೂ ಹೊಳೆಯುತ್ತದೆಯೇ? ಇನ್ನೊಂದು: ಸಿ.ಡಿ.ಗೆ ಲೇಸರ್ ಬಿಟ್ಟಾಗ ಎದುರಿನ ರಟ್ಟಿನ ಮೇಲೆ ಚುಕ್ಕಿ ಎಲ್ಲಿ ಬೀಳಬಹುದೆಂದು ಅಳೆಯುವ ಮೊದಲೇ ಬರೆದಿಡುವ ಚೌಕಕ್ಕೆ ‘ಪ್ರಾಕ್ಕಲ್ಪನೆ’ (ಹೈಪಾಥಿಸಿಸ್) ಎಂಬ ತಲೆಬರಹವಿದೆ. ಅದು ಸರಿಯೇ?
— ವಿ.

ವಿವರ್ತನೆ ಬೇಡವೇ ಬೇಡ. ಅದ್ವೈತದಲ್ಲಿ ವಿವರ್ತವೆಂದರೆ ಹಗ್ಗ ಹಾವಾಗಿ ತೋರುವುದು. ವಸ್ತು ಬದಲಾಗದೆ ಬೇರೆಯಾಗಿ ಕಾಣುವುದು. ಸಿ.ಡಿ. ಬಣ್ಣ ತೋರಿಕೆಯಲ್ಲ, ಅಳತೆಗೆ ಸಿಗುವ ಬೆಳಕು. ಮೂಲ ಪದ ಇಟಲಿಯ ಗ್ರಿಮಾಲ್ಡಿಯದು. ಅವನು ತೀರಿಕೊಂಡು ಎರಡು ವರ್ಷವಾದ ಮೇಲೆ, 1665ರಲ್ಲಿ, ಹೊರಬಂದ ಗ್ರಂಥದಲ್ಲಿದೆ. ಲ್ಯಾಟಿನ್ ಧಾತುವಿನ ಅರ್ಥ ‘ಚೂರಾಗಿ ಒಡೆ’. ನಮಗೆ ಬೇಕಾದ್ದು ಅದೇ ಅರ್ಥದ ಸಂಸ್ಕೃತದ ಭಂಜ್ ಧಾತು. ‘ವಿಭಂಗ’ ಎಂದು ಹಾಕಿ.
— ನಾ.

ಒಂದು ಸಂಸ್ಕೃತ ಪದ ಕಿತ್ತು ಇನ್ನೊಂದು ಸಂಸ್ಕೃತ ಪದ ನೆಟ್ಟರೆ ಮಗುವಿಗೇನು ಬಂತು? ಬೆಳಕು ಅಂಚಿನಲ್ಲಿ ಬಾಗುತ್ತದೆ, ‘ಅಂಚುಬಾಗು’ ಎನ್ನಿ. ತರಂಗವೂ ಬೇಡ, ‘ತೆರೆ’ ಎನ್ನಿ. ಹಳಗನ್ನಡದಿಂದಲೂ ಇರುವ ಮಾತು.
— ಚ.

ನಾ. ಅವರೇ, ರಿಫ್ರ್ಯಾಕ್ಷನ್ ಹುಟ್ಟಿದ್ದೂ ಅದೇ ‘ಒಡೆ’ ಧಾತುವಿನಿಂದಲೇ. ಧಾತು ಹಿಡಿದು ಹೊರಟರೆ ವಕ್ರೀಭವನವೂ ಭಂಗವೇ ಆಗಬೇಕು. ಬೇರ್ಪಡಿಸಬೇಕಾದ ಎರಡಕ್ಕೂ ಒಂದೇ ಹೆಸರು ಬಂದಂತಾಯಿತು. ವಿಭಂಗ ನಡೆಯುವುದಿಲ್ಲ.

ಚ. ಅವರೇ, ಆ ಪ್ರಯೋಗದಲ್ಲಿ ಚುಕ್ಕಿ ಬೀಳುವ ರಟ್ಟನ್ನು ಮಕ್ಕಳು ‘ತೆರೆ’ ಎಂದೇ ಕರೆಯುತ್ತಾರೆ. ‘ತೆರೆಯ ಮೇಲೆ ತೆರೆ’ ಎಂದು ಬರೆಯುತ್ತೀರಾ? ‘ಅಲೆ’ ಆಗಬಹುದು. ಅಂಚುಬಾಗು ಬ್ಲೇಡಿನ ಅಂಚಿಗೆ ಒಪ್ಪುತ್ತದೆ, ಸಿ.ಡಿ.ಗೆ ಸಾಲದು. ಸಿ.ಡಿ.ಯಲ್ಲಿ ಮಾಹಿತಿ ಬರೆದ ಸಾಲಿನಿಂದ ಸಾಲಿಗೆ 1.6 ಮೈಕ್ರಾನ್, ಅಂದರೆ ಮಿಲಿಮೀಟರಿಗೆ 625 ಸಾಲು. ಸಾಲುಸಾಲಿನಿಂದಲೂ ಹರಡಿದ ಅಲೆಗಳು ಕೆಲವು ದಿಕ್ಕಿನಲ್ಲಿ ಮಾತ್ರ ಏರಿಗೆ ಏರು ಕೂಡಿ ಬಲವಾಗುತ್ತವೆ. ಉಳಿದ ಕಡೆ ಒಂದನ್ನೊಂದು ಅಳಿಸುತ್ತವೆ. ಹೆಸರು ವಿವರ್ತನೆಯೇ ಇರಲಿ, ಅರ್ಥವನ್ನು ಅಳತೆ ಹೇಳಲಿ.

ಅಳತೆ ಹೀಗೆ. ರಟ್ಟಿನ ನಡುವೆ ತೂತು ಕೊರೆದು ಕೆಂಪು ಲೇಸರನ್ನು, 650 ನ್ಯಾನೋಮೀಟರ್ ತರಂಗಾಂತರದ್ದು (ವೇವ್‌ಲೆಂಗ್ತ್), ಅದರ ಮೂಲಕ ಬಿಡಿ. ರಟ್ಟಿನಿಂದ 50 ಸೆಂ.ಮೀ. ದೂರದಲ್ಲಿ ಸಿ.ಡಿ. ನಿಲ್ಲಿಸಿ. ತೂತಿನ ಎಡಬಲಕ್ಕೆ ಸುಮಾರು 22 ಸೆಂ.ಮೀ. ದೂರದಲ್ಲಿ ಒಂದೊಂದು ಚುಕ್ಕಿ ಬೀಳುತ್ತದೆ. 532ರ ಹಸಿರು ಲೇಸರಾದರೆ ಹದಿನೇಳೂವರೆ. ಡಿ.ವಿ.ಡಿ. ಇಟ್ಟರೆ ಸಾಲುಗಳ ನಡುವಿನ ದೂರ 0.74 ಮೈಕ್ರಾನಿಗೆ ಇಳಿಯುತ್ತದೆ, ಕೆಂಪು ಚುಕ್ಕಿ 90 ಸೆಂ.ಮೀ. ದಾಟಿ ರಟ್ಟಿನಾಚೆ ಹೋಗುತ್ತದೆ. ಮಕ್ಕಳು ‘ಚುಕ್ಕಿ ಬರಲಿಲ್ಲ’ ಎಂದು ಬರೆಯುವುದು ಇಲ್ಲೇ.

ಎಡವುವ ಜಾಗ ಎರಡು. ಸಿ.ಡಿ. ಓರೆಯಾಗಿದ್ದರೆ ಎಡಬಲದ ದೂರ ಸಮ ಬರುವುದಿಲ್ಲ. ನಡುವಿನ ಚುಕ್ಕಿ ತೂತಿಗೇ ಮರಳುವವರೆಗೆ ತಿರುಗಿಸಿ. ಲೇಸರು ತಟ್ಟೆಯ ಎಡ ಅಥವಾ ಬಲ ಬದಿಗೆ ಬಡಿಯಬೇಕು, ಅಲ್ಲಿ ಸಾಲುಗಳು ನೆಟ್ಟಗೆ ನಿಂತಿರುತ್ತವೆ. ಮೇಲ್ಭಾಗಕ್ಕೆ ಬಡಿದರೆ ಚುಕ್ಕಿಗಳು ಮೇಲಕ್ಕೂ ಕೆಳಕ್ಕೂ ಹೋಗುತ್ತವೆ. ಕಿರಣ ಯಾರ ಕಣ್ಣಿನ ಮಟ್ಟಕ್ಕೂ ಬಾರದ ಹಾಗೆ ಇಡಿ, ಪುಟಿದು ಬರುವ ಕಿರಣವೂ ಸೇರಿ.

ಬಿಳಿ ಬೆಳಕಿನಲ್ಲಿ ಇನ್ನೂ ಸುಲಭದ ಗುರುತು ಸಿಗುತ್ತದೆ. ಪಟ್ಟಕದಲ್ಲಿ ಹೆಚ್ಚು ತಿರುಗುವುದು ನೇರಳೆ, ಸಿ.ಡಿ.ಯಲ್ಲಿ ಕೆಂಪು. ಎರಡೂ ಒಂದೇ ಅಲ್ಲವೆಂದು ಮಗು ತಾನೇ ಕಂಡುಕೊಳ್ಳುತ್ತದೆ. ಪಟ್ಟಕದ ಫಲಕಕ್ಕೂ ಬರೀ ವಕ್ರೀಭವನ ಸಾಲದು, ‘ವರ್ಣವಿಭಜನೆ’ ಬೇಕು.

ಚೌಕಕ್ಕೆ ಪ್ರಾಕ್ಕಲ್ಪನೆ ತಪ್ಪು. ‘ಸಾಲು ಹತ್ತಿರವಾದಷ್ಟೂ ಚುಕ್ಕಿ ದೂರ’ ಎಂಬುದು ಪ್ರಾಕ್ಕಲ್ಪನೆ. ‘22 ಸೆಂ.ಮೀ. ದೂರ ಬೀಳುತ್ತದೆ’ ಎಂಬುದು ಅದರಿಂದ ತೆಗೆದ ಅಂದಾಜು. ‘ಮೊದಲ ಅಂದಾಜು’ ಎಂದು ಬರೆಯಿರಿ.
— ಗೀ.

ಅಂದಾಜು ಪಾರಸಿಯಿಂದ ಬಂದದ್ದು.
— ನಾ.

ಬಂದು ಎಷ್ಟು ಕಾಲವಾಯಿತು! ತರಕಾರಿ ಮಾರುವವರಿಂದ ಹಿಡಿದು ಎಲ್ಲರ ಬಾಯಲ್ಲೂ ಇದೆ. ನನ್ನ ತಕರಾರು ಬಾಯಿಗೆ ಬಾರದ ಪದಗಳ ಮೇಲೆ ಮಾತ್ರ. ‘ಚದುರುವಿಕೆ’ ಪಠ್ಯಪುಸ್ತಕದಲ್ಲಿದೆ, ರಾಮನ್ ಪರಿಣಾಮವನ್ನೂ ಅದರಲ್ಲೇ ವಿವರಿಸುತ್ತೇವೆ, ಯಾರಿಗೂ ತೊಡಕಾಗಿಲ್ಲ. ಹಾಗಿರುವಾಗ ‘ತರಂಗಾಂತರ’ ಏಕೆ? ಗ್ರಾಮಾಂತರ, ಭಾಷಾಂತರ, ದೇಶಾಂತರ ಬಲ್ಲವರು ಅದನ್ನು ‘ಬೇರೊಂದು ತರಂಗ’ ಎಂದೇ ಓದುತ್ತಾರೆ. ‘ಅಲೆಯುದ್ದ’ ಎಂದರೆ ಅಳೆಯಬೇಕಾದ್ದು ಏನೆಂದು ಪದವೇ ಹೇಳುತ್ತದೆ.
— ಚ.

ಅಲೆಯುದ್ದ ಒಪ್ಪಿದೆ. ಆದರೆ ಸಂಸ್ಕೃತವೆಂಬ ಒಂದೇ ಕಾರಣಕ್ಕೆ ಪದ ಎಸೆಯಬೇಡಿ. ಮಸೂರವೆಂದರೆ ನಮ್ಮ ಚನ್ನಂಗಿ ಬೇಳೆ. ಲ್ಯಾಟಿನ್ನಿನ ಲೆನ್ಸ್ ಕೂಡ ಅದೇ ಬೇಳೆ. ಆಕಾರ ನೋಡಿ ಇಟ್ಟ ಹೆಸರು, ಹಾಗೆಯೇ ಉಳಿಯಿತು.
— ಗೀ.

ಬೇಳೆ ಕಣ್ಣಿಗೆ ಕಾಣುತ್ತದೆ, ವಿವರ್ತನೆ ಕಾಣುವುದಿಲ್ಲ. ಹೋಲಿಕೆ ಸರಿಯಿಲ್ಲ.
— ಚ.

ಎಲ್ಲರಿಗೂ ವಂದನೆ. ಅಂಗಡಿಗೆ ಕಳಿಸುತ್ತಿರುವ ಸಿ.ಡಿ. ಫಲಕ ಇದು: ‘ವಿವರ್ತನೆ: ಒತ್ತಾದ ಸಾಲುಗಳಿಂದ ಹರಡಿದ ಬೆಳಕಿನ ಅಲೆಗಳು ಕೂಡಿ, ಬಣ್ಣಕ್ಕೊಂದು ದಿಕ್ಕು ಹಿಡಿಯುವುದು. ಹೆಚ್ಚು ತಿರುಗಿದ ಬಣ್ಣ ಯಾವುದು? ಪಟ್ಟಕದಲ್ಲಿ ಯಾವುದು?’ ಚೌಕಗಳು ಮೂರು: ಮೊದಲ ಅಂದಾಜು, ಅಳತೆ, ವ್ಯತ್ಯಾಸ ಏಕೆ. ಸೋಪಿನ ಗುಳ್ಳೆಯ ಫಲಕಕ್ಕೆ ‘ವ್ಯಧಿಕರಣ’ ಎಂದು ಹಾಕಿದ್ದೇನೆ.
— ವಿ.

ನಿಲ್ಲಿಸಿ! ಅದು ‘ವ್ಯತಿಕರಣ’ (ಇಂಟರ್‌ಫಿಯರೆನ್ಸ್). ವ್ಯಧಿಕರಣ ವ್ಯಾಕರಣದ ಮಾತು, ವಿಭಕ್ತಿ ಬೇರೆಯಾದ ಪದಗಳದ್ದು. ಅಂಗಡಿಗೆ ಈಗಲೇ ಫೋನ್ ಮಾಡಿ.
— ನಾ.